ನಿಮಗಿದು ಗೊತ್ತೇ? ಫೋನಿಗೆ ಹೇಳಿ, ಲಿನಕ್ಸಿನಲ್ಲಿ ಬರೆಸಿ

◆ ಆಂಡ್ರಾಯ್ಡ್ ಫೋನಿನ ತಳದಲ್ಲಿ ಓಡುವುದು ಲಿನಕ್ಸ್ ಕರ್ನಲ್. ನಿಮ್ಮ ಮೇಜಿನ ಮೇಲಿನ ಉಬುಂಟು, ಫೆಡೋರಾ, ಡೆಬಿಯನ್‌ಗಳ ತಳದಲ್ಲೂ ಅದೇ. ಆದರೂ ಫೋನಿನಲ್ಲಿ ಮೈಕಿನ ಗುರುತು ಒತ್ತಿ ಕನ್ನಡ ಮಾತಾಡಿದರೆ ಸಾಲು ಸಾಲು ಮೂಡುತ್ತದೆ. ಡೆಸ್ಕ್‌ಟಾಪ್ ಮುಂದೆ ಗಂಟಲು ಹರಿದುಕೊಂಡರೂ ಒಂದಕ್ಷರ ಬೀಳದು. ವಿಂಡೋಸ್, ಮ್ಯಾಕ್‌ಗಳಲ್ಲಿ ಮಾತಿನಿಂದ ಬರೆಸುವ ಸೌಲಭ್ಯ ಒಳಗೇ ಇರುತ್ತದೆ. ಲಿನಕ್ಸಿನ ಎರಡು ದೊಡ್ಡ ಡೆಸ್ಕ್‌ಟಾಪ್‌ಗಳಾದ ಗ್ನೋಮ್ ಮತ್ತು ಕೆಡಿಇ ಬಹುಕಾಲ ಅದಿಲ್ಲದೆಯೇ ನಡೆದುಬಂದಿವೆ. ಹಾಗಾಗಿ ಜೇಬಿನ ಫೋನನ್ನೇ ಗುಮಾಸ್ತನನ್ನಾಗಿ ಮಾಡಿಕೊಳ್ಳುವುದು ಲಿನಕ್ಸ್ ಬಳಕೆದಾರರ ಹಳೆಯ ಉಪಾಯ.

◆ ಏನನ್ನೂ ಹೊಸದಾಗಿ ಹಾಕಿಕೊಳ್ಳದೆ ಇದನ್ನು ಮಾಡಬಹುದು ಗೊತ್ತೇ? ಗೂಗಲ್ ಡಾಕ್ಸ್‌ನ ಒಂದೇ ಕಡತವನ್ನು ಫೋನಿನಲ್ಲೂ ಡೆಸ್ಕ್‌ಟಾಪ್ ಬ್ರೌಸರಿನಲ್ಲೂ ತೆರೆಯಿರಿ. ಫೋನಿಗೆ ಹೇಳಿದ್ದು ಎದುರಿನ ದೊಡ್ಡ ಪರದೆಯಲ್ಲಿ ಹರಿದು ಬರುತ್ತದೆ. ತಪ್ಪು ತಿದ್ದುವುದಕ್ಕೆ ಡೆಸ್ಕ್‌ಟಾಪಿನ ಕೀಲಿಮಣೆ, ಹೇಳುವುದಕ್ಕೆ ಫೋನು. ಉದ್ದನೆಯ ಬರಹಕ್ಕೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ. ಕೆಳಗೆ ಹೇಳುವ ತಾಂತ್ರಿಕ ತಾಪತ್ರಯಗಳಲ್ಲಿ ಒಂದೂ ಇದಕ್ಕೆ ತಟ್ಟುವುದಿಲ್ಲ. ಏಕೆಂದರೆ ಇಲ್ಲಿ ಸಾಗುವುದು ಸಿದ್ಧ ಪಠ್ಯವೇ ಹೊರತು ಕೀಲಿ ಒತ್ತಿದ ಸುದ್ದಿಯಲ್ಲ.

◆ ಇನ್ನೂ ಬಡವರ ಉಪಾಯವೊಂದಿದೆ: ವಾಟ್ಸ್‌ಆ್ಯಪ್‌ನಲ್ಲಿ ತನಗೆ ತಾನೇ ಸಂದೇಶ ಕಳಿಸಿಕೊಳ್ಳುವುದು. ಈ ಸೌಲಭ್ಯ ಬಂದದ್ದು 2022ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಜನ ಒಬ್ಬರೇ ಇರುವ ಗುಂಪು ಮಾಡಿಕೊಂಡು ಇದೇ ಕೆಲಸ ಮಾಡುತ್ತಿದ್ದರು. ಟೆಲಿಗ್ರಾಂ ಬಳಸುವವರಿಗೆ ‘ಸೇವ್ಡ್ ಮೆಸೇಜಸ್’ ಇದೆ. ಫೋನಿಗೆ ಹೇಳಿ, ಡೆಸ್ಕ್‌ಟಾಪಿನಲ್ಲಿ ನಕಲು ತೆಗೆದು ಅಂಟಿಸಿದರೆ ಆಯಿತು.

◆ ಗೂಗಲ್‌ನ ಧ್ವನಿ ಟೈಪಿಂಗ್ ಕನ್ನಡ ಕಲಿತದ್ದು 2017ರ ಆಗಸ್ಟ್‌ನಲ್ಲಿ. ಅಂದು ಒಟ್ಟಿಗೆ ಸೇರಿದ 30 ಭಾಷೆಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳಂ, ಮರಾಠಿ, ಗುಜರಾತಿ, ಬಂಗಾಳಿ, ಉರ್ದು ಹೀಗೆ ಎಂಟು ನಮ್ಮ ದೇಶದವು. ಹಿಂದಿ ಮೊದಲೇ ಇತ್ತು. ಅಲ್ಲಿಗೆ ಭಾಷೆ ಮತ್ತು ಅದರ ಬಗೆಗಳ ಲೆಕ್ಕ 119ಕ್ಕೆ ಏರಿತ್ತು.

◆ ಫೋನನ್ನೂ ಲಿನಕ್ಸ್ ಡೆಸ್ಕ್‌ಟಾಪನ್ನೂ ಬೆಸೆಯುವ ತಂತ್ರಾಂಶಗಳಲ್ಲಿ ಹೆಸರಾದದ್ದು ಕೆಡಿಇ ಕನೆಕ್ಟ್. ಹುಟ್ಟಿದ್ದು 2013ರಲ್ಲಿ, ಗೂಗಲ್ ಆಗ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ‘ಸಮ್ಮರ್ ಆಫ್ ಕೋಡ್’ ಯೋಜನೆಯಲ್ಲಿ. ಬರೆದವರು ಆಲ್ಬರ್ಟ್ ವಾಕಾ. ಗ್ನೋಮ್ ಬಳಸುವವರಿಗೆ ಅದೇ ನುಡಿಗಟ್ಟಿನಲ್ಲಿ ಮಾತಾಡುವ ಜಿಎಸ್‌ಕನೆಕ್ಟ್ ಎಂಬ ವಿಸ್ತರಣೆ ಇದೆ. ಫೋನಿನಲ್ಲಿ ಹಾಕಿಕೊಳ್ಳುವ ಆ್ಯಪ್ ಎರಡಕ್ಕೂ ಒಂದೇ. ಫೋನಿನಲ್ಲಿ ‘ರಿಮೋಟ್ ಇನ್‌ಪುಟ್’ ತೆರೆದರೆ ಪರದೆಯೇ ಟಚ್‌ಪ್ಯಾಡ್ ಆಗುತ್ತದೆ. ಅಲ್ಲೇ ಕೀಲಿಮಣೆಯ ಗುರುತು ಒತ್ತಿದರೆ ಫೋನಿನ ಕೀಲಿಮಣೆ ಮೇಲೇಳುತ್ತದೆ. ಕೀಲಿಮಣೆ ಎದ್ದ ಮೇಲೆ ಅದರ ಮೈಕೂ ಇರುತ್ತದಲ್ಲ! ಅದಕ್ಕೆ ಹೇಳಿದ್ದು ಡೆಸ್ಕ್‌ಟಾಪಿನಲ್ಲಿ ಕರ್ಸರ್ ಎಲ್ಲಿ ಮಿಣುಕುತ್ತಿದೆಯೋ ಅಲ್ಲಿಗೆ ಹೋಗುತ್ತದೆ. ಕನ್ನಡಕ್ಕೆ ಅದು ಎಷ್ಟು ಸರಾಗವಾಗಿ ಹೋಗುತ್ತದೆ ಎಂಬುದು ಬೇರೆ ಮಾತು, ಅದಕ್ಕೆ ಬರೋಣ.

◆ ಅದೇ ಆ್ಯಪ್‌ನಲ್ಲಿ ‘ರಿಮೋಟ್ ಕೀಬೋರ್ಡ್’ ಎಂಬ ಇನ್ನೊಂದು ಆಯ್ಕೆ ಕಾಣುತ್ತದೆ. ಹೆಸರು ನೋಡಿ ಅದನ್ನು ಆನ್ ಮಾಡಿ, ಏನೂ ಆಗದೆ ತಲೆ ಕೆರೆದುಕೊಂಡವರು ಬಹಳ. ಅದರ ಕೆಲಸ ತಿರುವುಮುರುವು: ಡೆಸ್ಕ್‌ಟಾಪಿನ ಕೀಲಿಮಣೆಯಿಂದ ಫೋನಿನಲ್ಲಿ ಬರೆಯಲು.

◆ ಕೆಡಿಇ ಕನೆಕ್ಟ್ ಬಳಸುವ ಪೋರ್ಟ್‌ಗಳು 1714ರಿಂದ 1764. ಫೋನು ಕಾಣುತ್ತಿಲ್ಲ ಎಂದಾದರೆ ಫೈರ್‌ವಾಲ್‌ನಲ್ಲಿ ಈ ಸಾಲನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆದಿದೆಯೇ ನೋಡಿ. ತೆರೆದಿದ್ದರೂ ಕಾಣದಿದ್ದರೆ ತಪ್ಪು ವೈಫೈಯದಿರಬಹುದು. ಹೋಟೆಲು, ಹಾಸ್ಟೆಲು, ದೊಡ್ಡ ಕಚೇರಿಗಳ ವೈಫೈಯಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ಬೇಲಿ ಹಾಕಿರುತ್ತಾರೆ. ಆಗ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ ಡೆಸ್ಕ್‌ಟಾಪನ್ನು ಅದಕ್ಕೇ ಸೇರಿಸಿ. ಅವೆರಡರ ನಡುವಿನ ಮಾತುಕತೆಗೆ ಡೇಟಾ ಖರ್ಚಾಗದು; ದನಿಯನ್ನು ಗುರುತಿಸಲು ಸರ್ವರ್‌ಗೆ ಕಳಿಸಿದರೆ ಅದಕ್ಕಷ್ಟೇ ಖರ್ಚು.

◆ ಕೀಲಿಮಣೆ ಅಕ್ಷರ ಕಳಿಸುವುದಿಲ್ಲ ಎಂಬುದು ಗೊತ್ತೇ? ಅದು ಕಳಿಸುವುದು ಯಾವ ಜಾಗದ ಗುಂಡಿ ಒತ್ತಿದಿರಿ ಎಂಬ ಸಂಖ್ಯೆಯನ್ನು ಮಾತ್ರ. ‘ಎ’ ಗುಂಡಿ ಒತ್ತಿದರೆ ಯುಎಸ್‌ಬಿ ಅಥವಾ ಬ್ಲೂಟೂತ್ ಕೀಲಿಮಣೆ ಹೇಳುವ ಸಂಖ್ಯೆ 4. ಲಿನಕ್ಸ್ ಕರ್ನಲ್ ಅದನ್ನು 30 ಎಂದು ಬರೆದುಕೊಳ್ಳುತ್ತದೆ. ಪರದೆಯ ವ್ಯವಹಾರ ನೋಡಿಕೊಳ್ಳುವ ಎಕ್ಸ್ ಅದಕ್ಕೆ ಎಂಟು ಕೂಡಿಸಿ 38 ಅನ್ನುತ್ತದೆ. ಅದು ಇಂಗ್ಲಿಷಿನ ‘ಎ’ಯೋ, ಕನ್ನಡದ ‘ಅ’ಯೋ ಎಂದು ತೀರ್ಮಾನವಾಗುವುದು ಇಷ್ಟೆಲ್ಲ ಆದ ಮೇಲೆ, ಆಗ ಯಾವ ವಿನ್ಯಾಸ ಆರಿಸಿದ್ದೀರಿ ಎಂಬುದರ ಮೇಲೆ.

ಫೋನಿನಿಂದ ಕನ್ನಡ ಕಳಿಸುವ ಕಷ್ಟವೆಲ್ಲ ಇಲ್ಲಿಂದಲೇ ಶುರು. ಧ್ವನಿ ಟೈಪಿಂಗ್ ಕೊಡುವುದು ‘ಕ್ಷ’ ಎಂಬ ಅಕ್ಷರ. ಡೆಸ್ಕ್‌ಟಾಪ್ ಕಾಯುತ್ತಿರುವುದು ಗುಂಡಿಯ ಸಂಖ್ಯೆಗೆ. ‘ಕ್ಷ’ಕ್ಕೆ ಗುಂಡಿಯೇ ಇಲ್ಲ. ದನಿಯನ್ನು ಅಕ್ಷರ ಮಾಡುವ ಬೆಟ್ಟದಂಥ ಕೆಲಸ ಮುಗಿದಿರುತ್ತದೆ. ಫೋನಿನಿಂದ ಒಂದು ಮೊಳ ದೂರದ ಡೆಸ್ಕ್‌ಟಾಪಿಗೆ ಅದನ್ನು ದಾಟಿಸುವುದರಲ್ಲೇ ಜೀವ ಹೋಗುತ್ತದೆ.

◆ ಎಕ್ಸ್ ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು. ಅಲ್ಲಿ ಗುಂಡಿಯ ಸಂಖ್ಯೆಗಳು 8ರಿಂದ 255ರವರೆಗೆ ಮಾತ್ರ. ಅವುಗಳಲ್ಲಿ ಕೆಲವು ಯಾರೂ ಬಳಸದೆ ಖಾಲಿ ಬಿದ್ದಿರುತ್ತವೆ. ಎಕ್ಸ್‌ಡುಟೂಲ್‌ನಂಥ ತಂತ್ರಾಂಶ ಒಂದು ಖಾಲಿ ಗುಂಡಿಗೆ ಕ್ಷಣಮಾತ್ರಕ್ಕೆ ‘ಕ’ ಎಂದು ಹೆಸರಿಟ್ಟು, ಅದನ್ನು ಒತ್ತಿದಂತೆ ನಟಿಸಿ, ಮರುಕ್ಷಣ ಹೆಸರು ಅಳಿಸುತ್ತದೆ. ಮುಂದಿನ ಅಕ್ಷರಕ್ಕೆ ಮತ್ತೆ ಹೊಸ ನಾಮಕರಣ. ವೇಗ ಜಾಸ್ತಿಯಾದರೆ ಎದುರಿನ ಅಪ್ಲಿಕೇಶನ್ ಹೊಸ ಹೆಸರನ್ನು ಗಮನಿಸುವ ಮೊದಲೇ ಗುಂಡಿ ಒತ್ತಿ ಆಗಿರುತ್ತದೆ. ಆಗ ಅಕ್ಷರ ಹಾರಿಹೋಗುತ್ತದೆ ಇಲ್ಲವೇ ಬೇರೊಂದು ಬಂದು ಕೂರುತ್ತದೆ. ನಿಮ್ಮ ವಾಕ್ಯದಲ್ಲಿ ಒತ್ತು ಕಾಣೆಯಾದರೆ ಉಚ್ಚಾರಣೆಯ ಮೇಲೆ ತಪ್ಪು ಹೊರಿಸುವ ಮುನ್ನ ಇದನ್ನು ನೆನೆಯಿರಿ.

◆ ಎಕ್ಸ್ ಎಂಬ ಈ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಹುಟ್ಟಿತು. ಅದರ 11ನೆಯ ಆವೃತ್ತಿ 1987ರದು. ಅದರಲ್ಲಿ ಯಾವ ತಂತ್ರಾಂಶ ಬೇಕಾದರೂ ಇನ್ನೊಂದರ ಕಿಟಕಿಗೆ ಗುಂಡಿ ಒತ್ತಿದಂತೆ ನಟಿಸಬಹುದು. ಇನ್ನೊಂದರಲ್ಲಿ ಒತ್ತಿದ್ದನ್ನು ಕದ್ದು ಕೇಳಲೂಬಹುದು. ಮೊದಲನೆಯದು ನಮ್ಮಂಥವರಿಗೆ ವರ, ಎರಡನೆಯದು ಕಳ್ಳರಿಗೆ. 2008ರಲ್ಲಿ ಕ್ರಿಸ್ತಿಯಾನ್ ಹಾಗ್ಸ್‌ಬರ್ಗ್ ಶುರುಮಾಡಿದ ವೇಲ್ಯಾಂಡ್ ಎರಡಕ್ಕೂ ಬಾಗಿಲು ಹಾಕಿತು. ಫೆಡೋರಾ 2016ರಲ್ಲಿ, ಉಬುಂಟು 2021ರಲ್ಲಿ ವೇಲ್ಯಾಂಡ್ ಕಡೆ ವಾಲಿದ ಮೇಲೆ ಎಷ್ಟೋ ಜನರ ಹಳೆಯ ಧ್ವನಿ ಟೈಪಿಂಗ್ ಜೋಡಣೆಗಳು ಮುಗ್ಗರಿಸಿದವು. ಎಕ್ಸ್‌ನಲ್ಲಿ ಸರಾಗ ಹೋದ ಕನ್ನಡ ವೇಲ್ಯಾಂಡ್‌ನಲ್ಲಿ ಹೋಗದೇ ಇದ್ದರೆ ಆಶ್ಚರ್ಯಪಡಬೇಡಿ. ಭದ್ರತೆಯ ದೃಷ್ಟಿಯಿಂದ ವೇಲ್ಯಾಂಡ್ ಮಾಡಿದ್ದೇ ಸರಿ ಎನ್ನುವವನು ನಾನು. ಆದರೆ ಕೈ ನೋವಿನಿಂದ ಕೀಲಿಮಣೆ ಮುಟ್ಟಲಾಗದವರಿಗೆ ಆ ಬಾಗಿಲು ಮುಚ್ಚಿದ್ದು ಸಣ್ಣ ಸಂಗತಿಯಲ್ಲ. ಬದಲಿ ದಾರಿ ಮೊದಲೇ ತೋರಿಸಿ ಆಮೇಲೆ ಮುಚ್ಚಬಹುದಿತ್ತು.

◆ ವೇಲ್ಯಾಂಡ್ ಬಾಗಿಲು ಹಾಕಿದರೆ ಕರ್ನಲ್‌ನ ಕಿಟಕಿಯಿಂದ ನುಗ್ಗುವವರೂ ಇದ್ದಾರೆ. ವೈಡುಟೂಲ್ ಎಂಬುದು ಲಿನಕ್ಸ್ ಕರ್ನಲ್‌ನ ‘ಯುಇನ್‌ಪುಟ್’ ಮೂಲಕ ಒಂದು ಸುಳ್ಳು ಕೀಲಿಮಣೆಯನ್ನೇ ಸೃಷ್ಟಿಸುತ್ತದೆ. ವೇಲ್ಯಾಂಡ್‌ಗೆ ಅದು ನಿಜವಾದ ಕೀಲಿಮಣೆಯಂತೆಯೇ ಕಾಣುತ್ತದೆ. ನಿಜವಾದ ಕೀಲಿಮಣೆಯ ಮಿತಿಯೂ ಜೊತೆಗೇ ಬರುತ್ತದೆ: ಇಂಗ್ಲಿಷ್ ಅಕ್ಷರ ಬರುತ್ತದೆ, ಕನ್ನಡ ಬರುವುದಿಲ್ಲ.

◆ ಆಂಡ್ರಾಯ್ಡ್ 9 ಬಂದ ಮೇಲೆ, ಅಂದರೆ 2018ರಿಂದ, ಫೋನು ತಾನೇ ಬ್ಲೂಟೂತ್ ಕೀಲಿಮಣೆಯ ವೇಷ ಹಾಕಬಹುದು. ಡೆಸ್ಕ್‌ಟಾಪಿನಲ್ಲಿ ಏನೂ ಹಾಕಬೇಕಿಲ್ಲ, ವೈಫೈಯೂ ಬೇಡ. ಬ್ಯಾಂಕಿನದೋ ಕಚೇರಿಯದೋ ಬಿಗಿ ಮಾಡಿದ ಯಂತ್ರಕ್ಕೂ ನಡೆದೀತು. ಆದರೆ ಮತ್ತದೇ ಕಥೆ. ಹೋಗುವುದು ಗುಂಡಿಯ ಸಂಖ್ಯೆ, ಹಾಗಾಗಿ ಇಂಗ್ಲಿಷಿಗೆ ಸೈ, ಕನ್ನಡಕ್ಕೆ ಸಾಲದು.

◆ ಸಾಲದು ಎಂದೆನಾದರೂ ಒಂದು ಹಿತ್ತಿಲ ದಾರಿ ಇದೆ. ಲಿನಕ್ಸಿನ ಬಹಳಷ್ಟು ಅಪ್ಲಿಕೇಶನ್‌ಗಳಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, ಆಮೇಲೆ ಸೊನ್ನೆ, ಸಿ, ಒಂಬತ್ತು, ಐದು ಒತ್ತಿ ಎಂಟರ್ ಕೊಟ್ಟರೆ ‘ಕ’ ಮೂಡುತ್ತದೆ. ಅದು ಯುನಿಕೋಡ್‌ನಲ್ಲಿ ‘ಕ’ದ ಮನೆ ಸಂಖ್ಯೆ. ಕನ್ನಡಕ್ಕೆ ಯುನಿಕೋಡ್ ಮೀಸಲಿಟ್ಟಿರುವುದು 128 ಮನೆ, ಎಲ್ಲವೂ ತುಂಬಿಲ್ಲ. ಮನುಷ್ಯನಿಗೆ ಇದು ಶಿಕ್ಷೆ. ಫೋನಿನ ತಂತ್ರಾಂಶಕ್ಕೆ ಮಾತ್ರ ಕ್ಷಣದ ಕೆಲಸ.

◆ ‘ಸ್ತ್ರೀ’ ಎಂಬುದು ಬಾಯಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಗುರುತು. ಸಾಮಾನ್ಯವಾಗಿ ಬಳಸುವ ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೂ ಮೂರು ಬೈಟ್, ಒಟ್ಟು 18. ಆರರಲ್ಲಿ ಒಂದು ದಾರಿಯಲ್ಲಿ ಬಿದ್ದುಹೋದರೂ ಪದ ಗುರುತೇ ಸಿಗದಂತಾಗುತ್ತದೆ. ಬ್ಯಾಕ್‌ಸ್ಪೇಸ್ ಸಾಮಾನ್ಯವಾಗಿ ಈ ಆರರಲ್ಲಿ ಒಂದೊಂದನ್ನೇ ಅಳಿಸುತ್ತಾ ಹೋಗುತ್ತದೆ. ಒಂದೇ ಸಲ ಒತ್ತಿ ‘ಸ್ತ್ರೀ’ ಪೂರ್ತಿ ಹೋಯಿತೆಂದು ತಿಳಿಯಬೇಡಿ.

◆ ಕನ್ನಡದ ‘ನುಡಿ’ ತಂತ್ರಾಂಶ ಬಳಸಿದವರಿಗೆ ಅದರ ಕೀಲಿಮಣೆ ಗೊತ್ತು: ‘ಎಫ್’ ಒತ್ತಿದರೆ ಒತ್ತಕ್ಷರದ ಗುರುತು. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದ ಜಾಡಿನಲ್ಲಿ ಕನ್ನಡ ಗಣಕ ಪರಿಷತ್ತು ನೆಲೆಗೊಳಿಸಿದ ಈ ಏರ್ಪಾಡು ಲಿನಕ್ಸಿನಲ್ಲೂ ಸಿದ್ಧವಾಗಿದೆ. ಪರಿಷತ್ತಿನ ಮೊದಲಕ್ಷರಗಳಿಂದಾದ ‘ಕಗಪ’ ಎಂಬುದೇ ಅಲ್ಲಿ ಅದರ ಹೆಸರು. ಅಚ್ಚರಿ ಏನೆಂದರೆ ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಹಿಂದಿಗೂ, ಮರಾಠಿಗೂ, ತೆಲುಗಿಗೂ, ಸಂಸ್ಕೃತಕ್ಕೂ ಒಂದೊಂದು ‘ಕಗಪ’ ಇದೆ. ಪುಣೆಯಲ್ಲಿ ಕೂತು ಮರಾಠಿ ಒತ್ತುವವರಲ್ಲಿ ಎಷ್ಟು ಜನಕ್ಕೆ ಆ ಮೂರಕ್ಷರ ಕರ್ನಾಟಕದ್ದೆಂದು ತಿಳಿದಿದೆಯೋ! ಫೋನಿಗೆ ಹೇಳಿ ಬರೆಸುವವರೂ ತಿದ್ದುವುದಕ್ಕೆ ಇದನ್ನು ಕಲಿತಿರುವುದು ಲೇಸು. ಸತತ ಮಾತಿನಲ್ಲಿ ಬಂದ ಒಂದಕ್ಷರದ ತಪ್ಪಿಗೆ ಮತ್ತೆ ಇಡೀ ವಾಕ್ಯ ಹೇಳುವುದು ಬೇಸರದ ಕೆಲಸ.

◆ ಗುಂಡಿಗಳ ಗೋಜಲನ್ನು ದಾಟಲು ಎಲ್ಲಕ್ಕಿಂತ ನಂಬಿಕಸ್ಥ ಉಪಾಯ ಕ್ಲಿಪ್‌ಬೋರ್ಡ್. ಫೋನಿನಲ್ಲಿ ಯಾವುದಾದರೂ ಟಿಪ್ಪಣಿ ಆ್ಯಪ್‌ಗೆ ಒಂದು ಪ್ಯಾರಾ ಹೇಳಿ, ನಕಲು ಮಾಡಿ, ಕೆಡಿಇ ಕನೆಕ್ಟ್‌ನಲ್ಲಿ ‘ಸೆಂಡ್ ಕ್ಲಿಪ್‌ಬೋರ್ಡ್’ ಒತ್ತಿ. ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್-ವಿ. ಎಕ್ಸ್ ಇರಲಿ ವೇಲ್ಯಾಂಡ್ ಇರಲಿ, ಒಂದು ಒತ್ತೂ ಕಳೆಯುವುದಿಲ್ಲ. ಟರ್ಮಿನಲ್‌ನಲ್ಲಾದರೆ ಕಂಟ್ರೋಲ್-ಶಿಫ್ಟ್-ವಿ ಎಂಬುದನ್ನು ಮರೆಯಬೇಡಿ.

◆ ಡೆಸ್ಕ್‌ಟಾಪಿನಲ್ಲಿ ನಕಲು ಮಾಡಿದ್ದು ಫೋನಿಗೆ ತಾನಾಗಿ ಹೋಗುತ್ತದೆ. ಫೋನಿನಲ್ಲಿ ನಕಲು ಮಾಡಿದ್ದಕ್ಕೆ ಮಾತ್ರ ಬೆರಳಿನಿಂದ ಒತ್ತಬೇಕು. ಏಕೆ ಗೊತ್ತೇ? 2019ರ ಆಂಡ್ರಾಯ್ಡ್ 10ರಿಂದ ಹಿನ್ನೆಲೆಯಲ್ಲಿರುವ ಆ್ಯಪ್‌ಗಳು ಕ್ಲಿಪ್‌ಬೋರ್ಡ್ ಓದುವಂತಿಲ್ಲ. ಓದಬಹುದಾದವು ಎರಡೇ: ಎದುರಿಗೆ ತೆರೆದಿರುವ ಆ್ಯಪ್, ಮತ್ತು ನಿಮ್ಮ ಕೀಲಿಮಣೆ. ಆದ್ದರಿಂದ ಕೀಲಿಮಣೆ ಆ್ಯಪ್ ಆರಿಸುವಾಗ ಬಣ್ಣಕ್ಕೆ ಮರುಳಾಗದೆ ಮಾಡಿದವರು ಯಾರೆಂದು ನೋಡಿ.

◆ ಲಿನಕ್ಸಿನಲ್ಲಿ ಕ್ಲಿಪ್‌ಬೋರ್ಡ್ ಒಂದಲ್ಲ. ಮೌಸಿನಿಂದ ಬರಿದೇ ಗುರುತು ಹಾಕಿದ ಪಠ್ಯವೂ ಬೇರೊಂದು ಕಡೆ ಕೂತಿರುತ್ತದೆ; ಮೌಸಿನ ನಡುಗುಂಡಿ ಒತ್ತಿದರೆ ಅದು ಬೀಳುತ್ತದೆ. ಫೋನಿನಿಂದ ಬಂದದ್ದು ಕಂಟ್ರೋಲ್-ವಿಯ ಕಡೆ. ಇದು ಬಿದ್ದಲ್ಲಿ ಅದು ಬಿದ್ದರೆ ಗಾಬರಿ ಬೇಡ.

◆ ಫೋನಿನಲ್ಲಿ ಮಾತಾಡುತ್ತಿರುವಾಗ ಪದಗಳು ಕಣ್ಣೆದುರೇ ಬದಲಾಗುವುದನ್ನು ನೋಡಿದ್ದೀರಿ. ‘ಮನೆ’ ಎಂದದ್ದು ಮುಂದಿನ ಪದ ಕೇಳಿದೊಡನೆ ‘ಮೊನ್ನೆ’ ಆಗುತ್ತದೆ. ಅದು ತಪ್ಪಲ್ಲ, ಹಿಂದುಮುಂದಿನ ಪದ ಕೇಳಿ ಯಂತ್ರ ತನ್ನ ಊಹೆಯನ್ನು ತಿದ್ದಿಕೊಳ್ಳುವ ರೀತಿ. ಪಠ್ಯ ಗಟ್ಟಿಯಾಗುವುದು ನೀವು ಉಸಿರು ತೆಗೆದುಕೊಂಡ ಮೇಲೆ. ಆದ್ದರಿಂದ ಪದ ಪದ ಬಿಡಿಸಿ ಮಗುವಿಗೆ ಹೇಳಿದಂತೆ ಹೇಳಬೇಡಿ. ವಾಕ್ಯವನ್ನು ವಾಕ್ಯವಾಗಿಯೇ ಹೇಳಿದರೆ ಫಲ ಚೆನ್ನ.

◆ ಪದ ಪದ ಬಿಡಿಸಿ ಹೇಳುವ ಅಭ್ಯಾಸ ಹಳೆಯ ಯಂತ್ರಗಳದ್ದು. 1990ರಲ್ಲಿ ಬಂದ ಡ್ರ್ಯಾಗನ್ ಡಿಕ್ಟೇಟ್‌ಗೆ ಪ್ರತಿ ಪದದ ನಡುವೆಯೂ ತಡೆದು ಹೇಳಬೇಕಿತ್ತು. ಬೆಲೆ 9,000 ಡಾಲರ್. ಎಡೆಬಿಡದ ಮಾತನ್ನು ಕೇಳಿ ಬರೆಯುವ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಬಂದದ್ದು 1997ರಲ್ಲಿ.

◆ ಇನ್ನೂ ಹಿಂದೆ ಹೋದರೆ 1952ರಲ್ಲಿ ಬೆಲ್ ಪ್ರಯೋಗಾಲಯದ ‘ಆಡ್ರಿ’ ಸಿಗುತ್ತದೆ. ಅದು ಗುರುತಿಸುತ್ತಿದ್ದುದು ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಮಾತ್ರ. 1962ರ ಸಿಯಾಟಲ್ ವಿಶ್ವಮೇಳದಲ್ಲಿ ಐಬಿಎಂ ತೋರಿಸಿದ ‘ಶೂಬಾಕ್ಸ್’ಗೆ ಹದಿನಾರು ಪದ ಬರುತ್ತಿತ್ತು: ಹತ್ತು ಅಂಕಿ, ಉಳಿದ ಆರು ಕೂಡು-ಕಳೆಯ ಆಜ್ಞೆ.

◆ ಈ ವಿದ್ಯೆಯ ದೊಡ್ಡ ಗುರು ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯ ಕಾಟೂರಿನವರು. ರಾಜ್ ರೆಡ್ಡಿ ಮದ್ರಾಸಿನ ಗಿಂಡಿಯಲ್ಲಿ ಎಂಜಿನಿಯರಿಂಗ್ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ 1966ರಲ್ಲಿ ಡಾಕ್ಟರೇಟ್ ಪಡೆದು, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಸೇರಿದರು. ಅವರ ಬಳಗ 1976ರಲ್ಲಿ ಸಿದ್ಧಪಡಿಸಿದ ‘ಹಾರ್ಪಿ’ಗೆ ಸಾವಿರ ಚಿಲ್ಲರೆ ಪದ ಗೊತ್ತಿದ್ದವು. ಡ್ರ್ಯಾಗನ್ ಕಟ್ಟಿದ ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿ, ‘ಸ್ಫಿಂಕ್ಸ್’ ರೂಪಿಸಿದ ಕೈ-ಫು ಲೀ ಎಲ್ಲ ಅವರ ಶಿಷ್ಯರೇ. 1994ರಲ್ಲಿ ಅವರಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಸ್ಫಿಂಕ್ಸ್ 2000ದಲ್ಲಿ ಮುಕ್ತ ತಂತ್ರಾಂಶವಾಗಿ ಲಿನಕ್ಸ್ ಬಳಕೆದಾರರ ಕೈ ಸೇರಿತು.

◆ ಲಿನಕ್ಸಿಗೆ ಧ್ವನಿ ಟೈಪಿಂಗ್ ಎಂದೂ ಬಂದೇ ಇರಲಿಲ್ಲ ಎಂದುಕೊಂಡಿದ್ದೀರಾ? ಐಬಿಎಂ ತನ್ನ ವಯಾವಾಯ್ಸ್ ತಂತ್ರಾಂಶವನ್ನು 1999ರ ಹೊತ್ತಿಗೇ ಲಿನಕ್ಸಿಗೆ ತಂದಿತ್ತು. ಕೆಲವು ವರ್ಷಗಳಲ್ಲಿ ಕೈಬಿಟ್ಟಿತು. ಬಹುಕಾಲದ ಬರ ಶುರುವಾದದ್ದು ಆಮೇಲೆ.

◆ ಫೋನನ್ನು ಬರೀ ಮೈಕಾಗಿ ಬಳಸಿ, ಕೇಳಿ ಬರೆಯುವ ಕೆಲಸವನ್ನು ಡೆಸ್ಕ್‌ಟಾಪಿಗೇ ಬಿಡಬಹುದು. ಎಸ್‌ಸಿಆರ್‌ಸಿಪಿವೈ ಎಂಬ ವಿಚಿತ್ರ ಹೆಸರಿನ ತಂತ್ರಾಂಶ (ಹೇಳುವಾಗ ‘ಸ್ಕ್ರೀನ್ ಕಾಪಿ’) 2018ರಿಂದ ಆಂಡ್ರಾಯ್ಡ್ ಪರದೆಯನ್ನು ಯುಎಸ್‌ಬಿ ಕೇಬಲ್ ಮೂಲಕ ಡೆಸ್ಕ್‌ಟಾಪಿಗೆ ತರುತ್ತಿದೆ. 2023ರಿಂದ ಫೋನಿನ ಮೈಕಿನ ದನಿಯನ್ನೂ ತರಬಲ್ಲದು. ಫೋನು ಆಂಡ್ರಾಯ್ಡ್ 11 ಅಥವಾ ಅದರ ಮುಂದಿನದಾಗಿರಬೇಕು.

◆ ಬ್ಲೂಟೂತ್ ಇಯರ್‌ಫೋನಿನ ಮೈಕು ಆನ್ ಆದ ಕೂಡಲೇ ಅದರಲ್ಲಿ ಬರುತ್ತಿದ್ದ ಹಾಡು ಹಳೆಯ ಟೆಲಿಫೋನಿನಂತೆ ಗೊಗ್ಗರಾಗುವುದನ್ನು ಗಮನಿಸಿದ್ದೀರಾ? ಹಾಡಿಗೊಂದು ವಿಧಾನ, ಮಾತಿಗೊಂದು ವಿಧಾನ. ಮೈಕು ಬೇಕೆಂದರೆ ಹಾಡಿನ ವಿಧಾನ ಬಿಡಬೇಕು. ಮಾತಿನ ಹಳೆಯ ವಿಧಾನ ಸೆಕೆಂಡಿಗೆ 8,000 ಮಾದರಿ ತೆಗೆದುಕೊಳ್ಳುತ್ತದೆ, ಹೊಸದು 16,000. ವಿಸ್ಪರ್‌ನಂಥ ಗುರುತಿಸುವ ಯಂತ್ರಗಳಿಗೆ ಬೇಕಿರುವುದು 16,000. ಎಂಟು ಸಾವಿರದಲ್ಲಿ ‘ಸ’ಕಾರ ‘ಶ’ಕಾರಗಳ ಸೂಕ್ಷ್ಮ ಸೋರಿಹೋಗುತ್ತದೆ.

◆ ವಿಸ್ಪರ್ ಎಂದೆ. ಓಪನ್‌ಎಐ 2022ರ ಸೆಪ್ಟೆಂಬರ್‌ನಲ್ಲಿ ಬಿಟ್ಟುಕೊಟ್ಟ ಈ ಮಾದರಿಯನ್ನು ನಿಮ್ಮ ಲಿನಕ್ಸ್ ಯಂತ್ರದಲ್ಲೇ, ಇಂಟರ್‌ನೆಟ್ ಇಲ್ಲದೆ ಓಡಿಸಬಹುದು. ಗಿಯೋರ್ಗಿ ಗೆರ್ಗಾನೋವ್ ಬರೆದ ಅದರ ಹಗುರ ರೂಪದಲ್ಲಿ ಅತಿ ಸಣ್ಣ ಮಾದರಿ 75 ಎಂಬಿ ಆಸುಪಾಸು, ದೊಡ್ಡದು ಮೂರು ಜಿಬಿ ಹತ್ತಿರ. ಅದು ದನಿಯನ್ನು 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ನೀವು ಸುಮ್ಮನಿದ್ದರೆ ಕೆಲವೊಮ್ಮೆ ತಾನೇ ಕಲ್ಪಿಸಿಕೊಂಡು, ವೀಡಿಯೊ ನೋಡಿದ್ದಕ್ಕೆ ವಂದನೆ ಎಂಬಂಥ ಸಾಲು ಬರೆದುಬಿಡುತ್ತದೆ!

ಆದರೆ ಕನ್ನಡಿಗರು ತಿಳಿಯಬೇಕಾದ ಲೆಕ್ಕ ಬೇರೆ. ಮೊದಲ ವಿಸ್ಪರ್‌ಗೆ ಕಲಿಸಲು ಬಳಸಿದ್ದು 6,80,000 ಗಂಟೆಗಳ ದನಿ. ಅದರಲ್ಲಿ ಕನ್ನಡ ಕೇಳಿ ಕನ್ನಡ ಬರೆಯುವುದನ್ನು ಕಲಿಸಿದ್ದು ಐದು ಗಂಟೆಗೂ ಕಡಿಮೆ. ತಮಿಳಿಗೆ ನೂರಕ್ಕೂ ಹೆಚ್ಚು ಗಂಟೆ ಸಿಕ್ಕಿತ್ತು. ಒಂದು ಸಂಜೆಯ ಯಕ್ಷಗಾನ ಪ್ರಸಂಗದಷ್ಟು ಕನ್ನಡ ಕೇಳಿ ಕೂತ ಯಂತ್ರದಿಂದ ಪ್ರಬಂಧ ಬರೆಸುತ್ತೇನೆಂದರೆ ಆದೀತೇ? ಇಂಗ್ಲಿಷಿಗೆ ಡೆಸ್ಕ್‌ಟಾಪಿನ ವಿಸ್ಪರ್ ಸಾಕು. ಕನ್ನಡಕ್ಕೆ ಸದ್ಯ ಫೋನೇ ವಾಸಿ ಎಂಬುದು ನನ್ನ ತೀರ್ಮಾನ.

◆ ಕ್ಯಾಂಪ್‌ಬೆಲ್ ಬಾರ್ಟನ್ ಬರೆದ ‘ನರ್ಡ್ ಡಿಕ್ಟೇಶನ್’ ಲಿನಕ್ಸಿನಲ್ಲಿ ಹೆಸರುಮಾಡಿದ ಇನ್ನೊಂದು ತಂತ್ರಾಂಶ. ಅದು ಒರಗುವುದು ವೋಸ್ಕ್ ಎಂಬ ಮಾದರಿಗಳ ಮೇಲೆ. ಅವು ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುವಷ್ಟು ಹಗುರ. ಭಾರತೀಯ ಉಚ್ಚಾರದ ಇಂಗ್ಲಿಷಿಗೆಂದೇ ಪ್ರತ್ಯೇಕ ಮಾದರಿ ಅಲ್ಲಿದೆ.

◆ ಕನ್ನಡದ ಬಡತನ ನೀಗುವ ಕೆಲಸ ನಮ್ಮಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಕೈಗೊಂಡ ‘ವಾಣಿ’ ಯೋಜನೆಯ ಗುರಿ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚಿನ ಮಾತು. ಜನರ ಕೈಗೆ ಪಠ್ಯ ಕೊಟ್ಟು ಓದಿಸುವುದಿಲ್ಲ. ಚಿತ್ರ ತೋರಿಸಿ ನಿಮ್ಮ ಮಾತಿನಲ್ಲಿ ವರ್ಣಿಸಿ ಎನ್ನುತ್ತಾರೆ. ಓದುವ ಕನ್ನಡ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಆಡುವ ಕನ್ನಡ ಬೀದರಿಗೊಂದು ಮಂಡ್ಯಕ್ಕೊಂದು. ಹಾಗಾಗಿ ಇದು ಬುದ್ಧಿವಂತಿಕೆಯ ಕ್ರಮ. ಅದೇ ಸಂಸ್ಥೆಯ ‘ರೆಸ್ಪಿನ್’ ಕೃಷಿ ಮತ್ತು ಹಣಕಾಸಿನ ಮಾತುಗಳಿಗಾಗಿ ಆರಿಸಿಕೊಂಡ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು.

◆ ಐಐಟಿ ಮದ್ರಾಸಿನ ಎಐಫಾರ್‌ಭಾರತ್ ಬಳಗ ‘ಇಂಡಿಕ್ ಕನ್‌ಫಾರ್ಮರ್’ ಹೆಸರಿನಲ್ಲಿ 22 ಅನುಸೂಚಿತ ಭಾಷೆಗಳಿಗೂ ಗುರುತಿಸುವ ಮಾದರಿಗಳನ್ನು ಮುಕ್ತವಾಗಿ ಕೊಟ್ಟಿದೆ. ಆ ಕೇಂದ್ರಕ್ಕೆ 2022ರಲ್ಲಿ 36 ಕೋಟಿ ರೂಪಾಯಿ ನೆರವು ಕೊಟ್ಟವರು ಬೆಂಗಳೂರಿನ ರೋಹಿಣಿ ಮತ್ತು ನಂದನ್ ನಿಲೇಕಣಿ. ಸ್ವಲ್ಪ ಕೈಚಳಕ ಇರುವ ಲಿನಕ್ಸ್ ಬಳಕೆದಾರರು ಪ್ರಯೋಗ ಮಾಡಬೇಕಾದದ್ದು ಇಲ್ಲಿ.

◆ ತಪ್ಪಿನ ಲೆಕ್ಕದಲ್ಲೂ ಕನ್ನಡಕ್ಕೆ ಅನ್ಯಾಯವಾಗುತ್ತದೆ. ನೂರು ಪದಕ್ಕೆ ಎಷ್ಟು ಪದ ತಪ್ಪು ಎಂದು ಅಳೆಯುವುದು ವಾಡಿಕೆ. ‘ಬರಬೇಕಾಗಿತ್ತಲ್ಲವೇ’ ಎಂಬುದು ನಮಗೆ ಒಂದು ಪದ. ಅದರಲ್ಲಿ ಒಂದು ದೀರ್ಘ ತಪ್ಪಿದರೂ ಇಡೀ ಪದ ತಪ್ಪು. ಇಂಗ್ಲಿಷಿನಲ್ಲಿ ಅದೇ ಭಾವ ನಾಲ್ಕೈದು ಪದಗಳಲ್ಲಿ ಹಂಚಿಹೋಗುತ್ತದೆ, ಒಂದು ತಪ್ಪಿದರೆ ಒಂದೇ ಹೋಯಿತು. ಇನ್ನೊಂದು ತಮಾಷೆ: ಯಂತ್ರ ಇಲ್ಲದ ಪದಗಳನ್ನು ಸೇರಿಸಿದರೆ ಅವೂ ತಪ್ಪೆಂದೇ ಎಣಿಕೆ. ಹಾಗಾಗಿ ತಪ್ಪಿನ ಪ್ರಮಾಣ ಶೇಕಡಾ 100 ದಾಟಬಹುದು.

◆ ಮಾತು ಟೈಪಿಂಗ್‌ಗಿಂತ ಮೂರು ಪಟ್ಟು ವೇಗ ಎಂದು ಎಲ್ಲೆಲ್ಲೂ ಓದಿರುತ್ತೀರಿ. ಅದು 2016ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬೈದು ಸಂಶೋಧಕರು ಪ್ರಕಟಿಸಿದ್ದು: ಇಂಗ್ಲಿಷಿಗೆ 3 ಪಟ್ಟು, ಚೀನಾದ ಮ್ಯಾಂಡರಿನ್‌ಗೆ 2.8 ಪಟ್ಟು. ಹೋಲಿಸಿದ್ದು ಫೋನಿನ ಗಾಜಿನ ಕೀಲಿಮಣೆಯ ಜೊತೆ, ಡೆಸ್ಕ್‌ಟಾಪಿನ ಕೀಲಿಮಣೆಯ ಜೊತೆಗಲ್ಲ. ನುಡಿಯಲ್ಲಿ ಕೈ ಪಳಗಿದ ನಮ್ಮ ಡಿಟಿಪಿಯವರ ಎದುರು ಆ ಅಂಕಿ ನಿಲ್ಲುತ್ತದೆಂದು ನನಗೆ ನಂಬಿಕೆಯಿಲ್ಲ.

◆ ಡಿಟಿಪಿ ಎಂದ ಮೇಲೆ ಒಂದು ಎಚ್ಚರಿಕೆ. ಧ್ವನಿ ಟೈಪಿಂಗ್‌ನಿಂದ ಬರುವುದು ಯುನಿಕೋಡ್ ಕನ್ನಡ. ಹಳೆಯ ಪೇಜ್‌ಮೇಕರ್ ಬಳಸುವ ಮುದ್ರಣಾಲಯಕ್ಕೆ ಅದನ್ನು ಹಾಗೆಯೇ ಕೊಟ್ಟರೆ ಕಾಗೆ ಕಾಲು ಗುಬ್ಬಿ ಕಾಲು. ನುಡಿಯ ಹಳೆಯ ಆಸ್ಕಿ ರೂಪಕ್ಕೆ ಬದಲಿಸಿ ಕೊಡಿ.

◆ ಗುಬ್ಬಿ ಎಂದರೆ ನೆನಪಾಯಿತು, ಡೆಬಿಯನ್, ಉಬುಂಟುಗಳಲ್ಲಿ ‘ಗುಬ್ಬಿ’, ‘ನವಿಲು’ ಹೆಸರಿನ ಮುಕ್ತ ಕನ್ನಡ ಫಾಂಟ್‌ಗಳಿವೆ. ಒತ್ತಕ್ಷರಗಳನ್ನು ಜೋಡಿಸಿ ಕೂರಿಸುವ ಹಾರ್ಫ್‌ಬಜ್ ಎಂಬ ತಂತ್ರಾಂಶವಂತೂ ಆಂಡ್ರಾಯ್ಡ್ ಫೋನಿಗೂ ಲಿನಕ್ಸಿನ ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಿಗೂ ಒಂದೇ.

◆ ಫೈರ್‌ಫಾಕ್ಸ್‌ನಲ್ಲಿ ಗೂಗಲ್ ಡಾಕ್ಸ್‌ನ ಮೈಕು ಕೆಲಸ ಮಾಡದಿದ್ದರೆ ನಿಮ್ಮ ಮೈಕು ಕೆಟ್ಟಿಲ್ಲ. ದನಿ ಗುರುತಿಸುವ ಸೌಲಭ್ಯವನ್ನು ಕ್ರೋಮ್ 2013ರಿಂದ ಕೊಡುತ್ತಿದೆ. ಫೈರ್‌ಫಾಕ್ಸ್ ಅದನ್ನು ಸಾಮಾನ್ಯ ಬಳಕೆಗೆ ತೆರೆದಿಲ್ಲ. ಫೋನಿನ ಸಹವಾಸವೇ ಬೇಡ ಎನ್ನುವವರು ಡೆಸ್ಕ್‌ಟಾಪಿಗೆ ಒಂದು ಮೈಕು ಚುಚ್ಚಿ ಕ್ರೋಮ್‌ನಲ್ಲಿ ಪ್ರಯತ್ನಿಸಬಹುದು.

◆ ನಿಮ್ಮ ದನಿ ಫೋನಿನಲ್ಲೇ ಅಕ್ಷರವಾಗುತ್ತದೆಯೋ, ದೂರದ ಸರ್ವರಿಗೆ ಹೋಗಿ ಬರುತ್ತದೆಯೋ? ತಿಳಿಯುವುದು ಸುಲಭ. ಏರ್‌ಪ್ಲೇನ್ ಮೋಡ್ ಹಾಕಿ, ವೈಫೈಯೂ ಆಫ್ ಇದೆಯೇ ನೋಡಿ, ಕನ್ನಡದಲ್ಲಿ ಒಂದು ವಾಕ್ಯ ಹೇಳಿ. ಅಕ್ಷರ ಮೂಡಿದರೆ ಕೆಲಸ ಫೋನಿನೊಳಗೇ ನಡೆದಿದೆ. ಮೂಡದಿದ್ದರೆ ದನಿ ಹೊರಗೆ ಹೋಗುತ್ತಿತ್ತು ಎಂದರ್ಥ. 2019ರ ಮಾರ್ಚ್‌ನಲ್ಲಿ ಗೂಗಲ್ 80 ಎಂಬಿಯ ಮಾದರಿಯನ್ನು ತನ್ನ ಪಿಕ್ಸೆಲ್ ಫೋನಿನೊಳಗೇ ಕೂರಿಸಿದ್ದು ಮೊದಲಿಗೆ ಅಮೆರಿಕದ ಇಂಗ್ಲಿಷಿಗಷ್ಟೇ. ಅದೇ ವರ್ಷದ ಜುಲೈನಲ್ಲಿ ಬೆಲ್ಜಿಯಂನ ವಿಆರ್‌ಟಿ ವಾಹಿನಿ, ಗೂಗಲ್ ಅಸಿಸ್ಟೆಂಟ್‌ಗೆ ಜನ ಹೇಳಿದ ಮಾತುಗಳ ತುಣುಕುಗಳನ್ನು ಗುತ್ತಿಗೆ ನೌಕರರು ಕೂತು ಕೇಳುತ್ತಿದ್ದುದನ್ನು ಬಯಲಿಗೆ ತಂದಿತ್ತು.

◆ ಫೋನು ಮತ್ತು ಡೆಸ್ಕ್‌ಟಾಪ್ ನಡುವಿನ ದಾರಿಯ ಬಗ್ಗೆ ಇಷ್ಟು ಭಯ ಬೇಡ. ಕೆಡಿಇ ಕನೆಕ್ಟ್‌ನಲ್ಲಿ ಸಾಗುವುದೆಲ್ಲ ಗೂಢಲಿಪಿಯಲ್ಲಿ, ಜೋಡಿ ಮಾಡಿಕೊಂಡ ಸಾಧನಗಳ ನಡುವೆ ಮಾತ್ರ. ಆದರೂ ಜೋಡಿ ಮಾಡುವಾಗ ಎರಡೂ ಪರದೆಯಲ್ಲಿ ಕಾಣುವ ಸಂಕೇತ ಒಂದೇ ಇದೆಯೇ ನೋಡಿಕೊಳ್ಳಿ. ಜೋಡಿಯಾದ ಫೋನು ಕಳೆದುಹೋದರೆ ಮೊದಲು ಡೆಸ್ಕ್‌ಟಾಪಿನಲ್ಲಿ ಅದರ ಜೋಡಿ ಬಿಡಿಸಿ. ಇನ್ನು ಕಾಗದ ಪತ್ರ, ಕಥೆ, ವರದಿ, ಲೆಕ್ಕಪತ್ರದ ಟಿಪ್ಪಣಿ ಏನನ್ನಾದರೂ ಹೇಳಿ ಬರೆಸಿ. ಪಾಸ್‌ವರ್ಡ್, ಒಟಿಪಿಗಳನ್ನು ಮಾತ್ರ ಬಾಯಿ ಬಿಡದೆ ಕೈಯಲ್ಲೇ ಒತ್ತಿ.